ಶರಾವತಿಯ ನೀರುದಾರಿ

ಬೆಳ್ಳೂರಿನಂತಹ ಊರಿನಲ್ಲಿ ಹುಟ್ಟಿ ಬೆಳೆದವನಿಗೆ ನೀರೆಂಬುದು ಕಾದು ಪಡೆಯಬೇಕಾದ ವಸ್ತು. ಮಂಡ್ಯ ಜಿಲ್ಲೆಯೆಂದೊಡನೆ ಹೊರಗಿನವರ ಕಣ್ಣ ಮುಂದೆ ಕಬ್ಬಿನ ಗದ್ದೆಗಳೂ, ವಿಶ್ವೇಶ್ವರಯ್ಯ ನಾಲೆಯ ತುಂಬುನೀರೂ, ಆಲೆಮನೆಯ ಹೊಗೆಯೂ ಬಂದು ನಿಲ್ಲುವುದು ಸಹಜವೇ; ಆದರೆ ಆ ಭಾಗ್ಯವೆಲ್ಲ ಶ್ರೀರಂಗಪಟ್ಟಣ, ಪಾಂಡವಪುರ, ಮದ್ದೂರುಗಳ ಕಡೆಯದು. ನಾಗಮಂಗಲ ತಾಲ್ಲೂಕಿನ ಉತ್ತರದಲ್ಲಿರುವ ನಮ್ಮದು ರಾಗಿ, ಹುರುಳಿ, ತೆಂಗುಗಳ ಸೀಮೆ. ಮುಂಗಾರು ಕೈಕೊಟ್ಟ ವರ್ಷ ಹಿಂಗಾರಿನ ಕಡೆಗೂ, ಹಿಂಗಾರೂ ಕೈಬಿಟ್ಟ ವರ್ಷ ಹೇಮಾವತಿಯ ನಾಲೆಯ ಕಡೆಗೂ ಮುಖಮಾಡಿ ಕುಳಿತುಕೊಳ್ಳುವ ಸೀಮೆ. ನಮ್ಮ ತಾಲ್ಲೂಕಿನಲ್ಲಿಯೇ ಹುಟ್ಟಿ, ತೆಂಕಣಕ್ಕೆ ಹರಿದು, ಕರಿಘಟ್ಟದ ಬುಡದಲ್ಲಿ ಕಾವೇರಿಯನ್ನು ಸೇರುವ ಲೋಕಪಾವನಿಯೂ ಬೇಸಗೆಯಲ್ಲಿ ತನ್ನ ಮರಳನ್ನು ತೋರಿಸುತ್ತಾಳೆಯೇ ಹೊರತು ನೀರನ್ನಲ್ಲ. ಕೆರೆ ತುಂಬಿತೆಂದರೆ ಕೋಡಿಯ ಬಳಿ ಊರೇ ನೆರೆಯುವುದು, ಬಾಗಿನ ಬಿಡುವುದು, ತೂಬನ್ನು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಯಾವ ರಾತ್ರಿ ನೀರೆಂದು ಹಿರಿಯರು ಚರ್ಚಿಸುವುದು, ಇವೆಲ್ಲವನ್ನೂ ಬಾಲ್ಯದಿಂದಲೇ ನೋಡಿದ ನನ್ನ ಮನಸ್ಸಿನಲ್ಲಿ ನೀರಿನ ವಿಷಯವಾಗಿ ಎರಡು ಸಂಗತಿಗಳು ಸಿದ್ಧಾಂತದಂತೆ ನೆಲೆಗೊಂಡಿದ್ದವು: ನೀರು ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಹರಿಯುವುದೆಂಬುದೊಂದು, ಅದು ಇರುವುದು ಬೆಳೆ ತೆಗೆಯುವುದಕ್ಕೂ ಕುಡಿಯುವುದಕ್ಕೂ ಹೊರತು, ಅದರ ಮೇಲೆ ಕುಳಿತು ಪ್ರಯಾಣ ಮಾಡುವುದಕ್ಕಲ್ಲವೆಂಬುದು ಇನ್ನೊಂದು.

ನಮ್ಮ ಕಡೆ ದೋಣಿಯೇ ಇಲ್ಲವೆಂದಲ್ಲ. ಬಿದಿರಿನ ದಬ್ಬೆಗಳನ್ನು ಹೆಣೆದು, ಹಿಂದೆ ಚರ್ಮವನ್ನೂ ಈಗ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿ ಟಾರು ಬಳಿದು ಸಿದ್ಧಮಾಡುವ ಹರಿಗೋಲು ಕಾವೇರಿಯ ಉದ್ದಕ್ಕೂ ಇದೆ. ಆದರೆ ಮುಂದು ಹಿಂದುಗಳಿಲ್ಲದ ಆ ವೃತ್ತಾಕಾರದ ನಾವೆ ಈ ದಡದಿಂದ ಆ ದಡಕ್ಕೆ ಮುಟ್ಟಿಸುವುದಕ್ಕೆ ಮಾಡಿದುದೇ ಹೊರತು ದೂರ ಹೋಗುವುದಕ್ಕೆ ಮಾಡಿದುದಲ್ಲ. ಶ್ರೀರಂಗಪಟ್ಟಣದ ಬಳಿಯ ಕಾವೇರಿಯಂತೂ ಬಂಡೆಗಳ ನಡುವೆ ನುಸುಳುತ್ತ, ಕವಲೊಡೆಯುತ್ತ, ಮತ್ತೆ ಕೂಡುತ್ತ ಸಾಗುವ ನದಿಯಾದುದರಿಂದ ಅಲ್ಲಿ ದೂರ ಹೋಗಬೇಕೆಂದರೂ ಸಾಧ್ಯವಿಲ್ಲ. 1940ರಲ್ಲಿ ಸಾಲಿಂ ಅಲಿಯವರ ಸಲಹೆಯಂತೆ ಮೈಸೂರಿನ ಅರಸರು ಪಕ್ಷಿಧಾಮವನ್ನಾಗಿ ಕಾಯ್ದಿರಿಸಿದ ರಂಗನತಿಟ್ಟಿನಲ್ಲಿ ದೋಣಿಯೇರಿದವರಿಗೆ ಕೊಕ್ಕರೆಗಳೂ ಮೊಸಳೆಗಳೂ ಹತ್ತಿರದಿಂದ ಕಾಣಸಿಗುವುವು. ಆದರೆ ಅರ್ಧ ಗಂಟೆಯೊಳಗೆ ಹೊರಟ ಕಟ್ಟೆಗೇ ಹಿಂದಿರುಗಬೇಕಾಗುವುದು. ನದಿಯೊಂದನ್ನು ದಾರಿಯಾಗಿ ಹಿಡಿದು, ಬೆಳಗಿನಿಂದ ಸಂಜೆಯವರೆಗೆ ಅದರ ಮೇಲೆಯೇ ಇದ್ದು, ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಿ ಬರಬೇಕೆಂಬ ಅಭಿಲಾಷೆ ನನಗೆ ಹುಟ್ಟಿದ್ದು ಬಹುಶಃ ಈ ಅತೃಪ್ತಿಯಿಂದಲೇ ಇರಬೇಕು.

ಆ ಅಭಿಲಾಷೆ ಈಡೇರಿದುದು ಹೊನ್ನಾವರದಲ್ಲಿ ನೆಲೆಸಿರುವ ಮಿತ್ರರೊಬ್ಬರ ದೆಸೆಯಿಂದ. ಗಣಿತದ ಉಪಾಧ್ಯಾಯರಾಗಿದ್ದು ನಿವೃತ್ತರಾದ ಇವರನ್ನು ಅಲ್ಲಿಯವರೆಲ್ಲ ಮಾಸ್ತರೆಂದೇ ಕರೆಯುವುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. “ಹುಣ್ಣಿಮೆ ಕಳೆದ ಬಿದಿಗೆಗೆ ಬಂದುಬಿಡಿ, ಗೇರುಸೊಪ್ಪೆಗೆ ಹೋಗುವುದಾದರೆ ಅದೇ ಸರಿಯಾದ ದಿನ” ಎಂದು ಮಾಘಮಾಸದಲ್ಲಿ ಅವರು ಬರೆದಾಗ, ದೋಣಿಯ ಪ್ರಯಾಣಕ್ಕೆ ಮದುವೆಗೆ ನೋಡುವಂತೆ ತಿಥಿಯನ್ನೇಕೆ ನೋಡಬೇಕೆಂಬುದು ನನಗೆ ತಿಳಿಯಲಿಲ್ಲ. ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರಗಳನ್ನು ದಾಟಿ, ಜೋಗದ ಸೀಮೆಯನ್ನು ಬಳಸಿ, ಮಾಲೆಮನೆಯ ಘಟ್ಟವನ್ನಿಳಿದು ಹೊನ್ನಾವರವನ್ನು ಸೇರುವ ಹಾದಿಯಲ್ಲಿ ನಮ್ಮವರೇ ಹಿಂದೆ ಇಲ್ಲಿಗೆ ಬರಬೇಕಾದರೆ ಪರರಾಜ್ಯವನ್ನು ಪ್ರವೇಶಿಸಬೇಕಾಗಿತ್ತೆಂಬುದು ನೆನಪಾಯಿತು. 1956ರವರೆಗೆ ಉತ್ತರ ಕನ್ನಡ ಜಿಲ್ಲೆ ಮುಂಬಯಿಯ ಆಡಳಿತಕ್ಕೆ ಸೇರಿದ್ದು, ಜೋಗದ ಒಂದು ದಡದಲ್ಲಿ ಮೈಸೂರಿನವರ ಬಂಗಲೆಯೂ ಇನ್ನೊಂದು ದಡದಲ್ಲಿ ಮುಂಬಯಿಯವರ ಬಂಗಲೆಯೂ ಎದುರುಬದುರಾಗಿ ನಿಂತಿದ್ದವು. ಆ ಕಾಲದಲ್ಲಿ ಕಡಲ ಕಡೆಯಿಂದ ಜೋಗವನ್ನು ನೋಡಹೊರಟವರು ಹೊನ್ನಾವರದಲ್ಲಿ ದೋಣಿಯನ್ನೇರಿ, ಸುಮಾರು ಹದಿನೆಂಟು ಮೈಲಿ ಶರಾವತಿ ನದಿಯ ಮೇಲೆಯೇ ಹೋಗಿ, ಗೇರುಸೊಪ್ಪೆಯಲ್ಲಿ ಇಳಿದು, ಅಲ್ಲಿಂದ ಮುಂದೆ ಘಟ್ಟವನ್ನು ಹತ್ತುತ್ತಿದ್ದರು. ನಾವು ಹಿಡಿಯಬೇಕೆಂದಿದ್ದುದು ಆ ಹಳೆಯ ದಾರಿಯನ್ನೇ.

ಬೆಳಗಿನ ಏಳು ಗಂಟೆಗೆ ನಾವು ಧಕ್ಕೆಗೆ ಬಂದಾಗ ನೀರು ಕೆಳಗೆ ಸರಿದು, ಚಿರೆಕಲ್ಲಿನ ಮೆಟ್ಟಿಲುಗಳ ಮೇಲೆ ಪಾಚಿಯ ಹಸಿರುಪಟ್ಟೆಯನ್ನೂ, ಅದರ ಕೆಳಗೆ ಕಲ್ಲಿಗೆ ಅಂಟಿದ ಸಣ್ಣ ಚಿಪ್ಪುಗಳ ಬೂದುಪಟ್ಟೆಯನ್ನೂ ಬಿಟ್ಟುಹೋಗಿತ್ತು. ದೋಣಿಯ ಒಡೆಯನೂ ಅದನ್ನು ನಡೆಸುವ ತಾಂಡೇಲನೂ ಒಬ್ಬನೇ, ನಡುವಯಸ್ಸಿನ ಅಂಬಿಗ. ಜೊತೆಗೆ ಹದಿನೇಳರ ಮಗ. ಅಗಲವಾದ ಒಡಲು, ಅಡ್ಡಕ್ಕೆ ಜೋಡಿಸಿದ ಹಲಗೆಗಳು, ಹಿಂದೆ ತೂಗುಹಾಕಿದ ಚಿಕ್ಕ ಯಂತ್ರ, ಯಂತ್ರವನ್ನು ನಂಬದ ಮನುಷ್ಯನ ಎಚ್ಚರಿಕೆಯಿಂದ ಒಳಗೆ ಇರಿಸಿದ್ದ ಎರಡು ಹುಟ್ಟುಗಳು ಮತ್ತು ಒಂದು ಉದ್ದನೆಯ ಗಳ: ಇಷ್ಟೇ ಸಾಮಗ್ರಿ. ಆತ ಕೂಡಲೇ ಹೊರಡಲಿಲ್ಲ. ನೀರಿನಲ್ಲಿ ತೇಲುತ್ತಿದ್ದ ಒಂದು ತೆಂಗಿನ ಸೋಗೆಯನ್ನು ನೋಡುತ್ತ ಕುಳಿತಿದ್ದನು. ಕಡಲಿನ ಕಡೆಗೆ ಮೆಲ್ಲನೆ ಸರಿಯುತ್ತಿದ್ದ ಆ ಸೋಗೆ ಒಂದು ಕಡೆ ನಿಂತಿತು. ನಿಂತಲ್ಲೇ ಅರ್ಧ ಸುತ್ತು ತಿರುಗಿತು. ಅನಂತರ, ಯಾರೂ ತಳ್ಳದೆ, ಗಾಳಿಯ ಸುಳಿವೂ ಇಲ್ಲದೆ, ಬಂದ ದಾರಿಯನ್ನೇ ಹಿಡಿದು ಪೂರ್ವಕ್ಕೆ, ಘಟ್ಟದ ಕಡೆಗೆ, ಹೊರಟಿತು. “ಭರತಿ ಹಿಡೀತು ಸರ. ಇನ್ನು ನೀರೇ ಹೊತ್ಕಂಡು ಹೋಗ್ತದೆ” ಎಂದು ಆತ ಎದ್ದನು. ನದಿಯೊಂದು ತನ್ನ ಮೂಲದ ಕಡೆಗೆ ಮುಖ ತಿರುಗಿಸಿದುದನ್ನು ಕಣ್ಣಾರೆ ಕಂಡ ಆ ಗಳಿಗೆಯಲ್ಲಿ, ಕೋಡಿಯ ನೀರನ್ನು ನೋಡಿ ಕಲಿತಿದ್ದ ನನ್ನ ಮೊದಲನೆಯ ಸಿದ್ಧಾಂತ ಬಿದ್ದುಹೋಯಿತು.

ಮಾಸ್ತರು ಲೆಕ್ಕವನ್ನು ಬಿಡಿಸಿ ಹೇಳಿದರು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದೊಂದಕ್ಕೂ ಆರು ಗಂಟೆಯ ಮೇಲೆ ಚೂರು ಕಾಲ. ಚಂದ್ರನು ದಿನದಿನವೂ ಸುಮಾರು ಐವತ್ತು ನಿಮಿಷ ತಡವಾಗಿ ಉದಯಿಸುವನಾದುದರಿಂದ ಉಬ್ಬರವೂ ದಿನದಿನವೂ ಅಷ್ಟೇ ಹಿಂದೆ ಸರಿಯುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ಒಂದುಗೂಡುವುದರಿಂದ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತಮುತ್ತ ಆ ಸೆಳೆತಗಳು ಒಂದನ್ನೊಂದು ತಗ್ಗಿಸುವುದರಿಂದ ನೀರಿನ ಚಲನೆ ಮಂದವಾಗುತ್ತದೆ. ಬಿದಿಗೆಯಂದು ಬೆಳಗಿನ ಏಳಕ್ಕೆ ಏರತೊಡಗಿದ ನೀರು ಮಧ್ಯಾಹ್ನದವರೆಗೆ ನಮ್ಮನ್ನು ಒಳನಾಡಿಗೆ ಒಯ್ಯುವುದು. ಊಟಮಾಡಿ ಊರು ನೋಡಿ ಬರುವಷ್ಟರಲ್ಲಿ ಇಳಿಯತೊಡಗಿ ಸಂಜೆಗೆ ಹೊನ್ನಾವರಕ್ಕೆ ತಂದು ಮುಟ್ಟಿಸುವುದು. ಯಂತ್ರವಿಲ್ಲದ ಶತಮಾನಗಳಲ್ಲಿ ಮೆಣಸಿನ ಮೂಟೆಗಳೂ, ಅಡಕೆಯೂ, ಉಪ್ಪೂ, ದಿಬ್ಬಣಗಳೂ, ದಂಡಾಳುಗಳೂ ಈ ಲೆಕ್ಕವನ್ನೇ ನಂಬಿ ಮೇಲಕ್ಕೂ ಕೆಳಕ್ಕೂ ಹೋಗಿಬರುತ್ತಿದ್ದವು. ತಿಥಿಯನ್ನು ನೋಡುವ ಕಾರಣ ನನಗೆ ಆಗ ಸ್ಪಷ್ಟವಾಯಿತು.

ಹೊರಡುವ ಮುನ್ನ ಅಳಿವೆಯ ಬಾಯನ್ನು ನೋಡಲೇಬೇಕೆಂದು ನಾನು ಕೇಳಿಕೊಂಡುದರಿಂದ ತಾಂಡೇಲನು ದೋಣಿಯನ್ನು ಸ್ವಲ್ಪ ದೂರ ಪಶ್ಚಿಮಕ್ಕೆ ನಡೆಸಿದನು. ತೆಂಕಣದಲ್ಲಿ ಕಾಸರಕೋಡಿನ ಮರಳದಂಡೆ ಉದ್ದಕ್ಕೆ ಚಾಚಿಕೊಂಡಿದೆ. ಅದರ ತುದಿಗೂ ಹೊನ್ನಾವರದ ದಡಕ್ಕೂ ನಡುವೆ ನದಿ ಕಡಲನ್ನು ಸೇರುವ ಬಾಗಿಲು. ಆ ಬಾಗಿಲಿನಲ್ಲಿ ಒಳನುಗ್ಗುವ ಉಪ್ಪುನೀರಿನ ನೀಲಿಯೂ ಹೊರಬರುವ ಸಿಹಿನೀರಿನ ಮಬ್ಬುಹಸಿರೂ ಒಂದರ ಮೈಗೆ ಇನ್ನೊಂದು ತಾಗಿ, ನೊರೆಯ ಒಂದು ವಕ್ರರೇಖೆಯನ್ನು ಎಳೆದಿದ್ದವು. ಆ ರೇಖೆಯ ಉದ್ದಕ್ಕೂ ಗರುಡಗಳು ಮೀನಿಗಾಗಿ ಎರಗುತ್ತಿದ್ದವು. ಕ್ರಿಸ್ತಶಕ 1342ರ ಸುಮಾರಿನಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತನು, ದೊಡ್ಡ ಹಡಗುಗಳು ಒಳಗೆ ಬರಬಲ್ಲಂತಹ ಹಿನ್ನೀರಿನ ದಡದ ಊರೆಂದು ಹೊನ್ನಾವರವನ್ನು ವರ್ಣಿಸಿ, ಇಲ್ಲಿ ಹುಡುಗಿಯರಿಗಾಗಿ 13 ಪಾಠಶಾಲೆಗಳನ್ನೂ ಹುಡುಗರಿಗಾಗಿ 23 ಪಾಠಶಾಲೆಗಳನ್ನೂ ಕಂಡುದಾಗಿ ಬರೆದಿಟ್ಟಿದ್ದಾನೆ. ಏಳು ಶತಮಾನಗಳ ಹಿಂದೆ ಒಂದು ಬಂದರದಲ್ಲಿ ಹೆಣ್ಣುಮಕ್ಕಳಿಗೆ ಅಷ್ಟೊಂದು ಶಾಲೆಗಳಿದ್ದವೆಂಬ ಸಂಗತಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಅರ್ಧ ಸಾಲು ಸಹ ದೊರೆಯದಿರುವುದು ನನಗೆ ವಿಷಾದದ ವಿಷಯ. ಕಡಲು ಕೇವಲ ಸರಕನ್ನು ಹೊತ್ತು ತರುವುದಿಲ್ಲವೆಂಬುದಕ್ಕೆ ಅದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ.

ಅಲ್ಲಿಂದ ತಿರುಗಿ, ಹೆದ್ದಾರಿಯ ಸೇತುವೆಯನ್ನೂ ಕೊಂಕಣ ರೈಲ್ವೆಯ ಸೇತುವೆಯನ್ನೂ ಅಡಿಯಿಂದ ದಾಟಿದೆವು. ಎರಡು ಕಿಲೋಮೀಟರಿಗೂ ಕೊಂಚ ಹೆಚ್ಚು ಉದ್ದದ ಆ ರೈಲುಸೇತುವೆ ಕೊಂಕಣ ರೈಲ್ವೆಯ ಸೇತುವೆಗಳಲ್ಲೆಲ್ಲ ಅತ್ಯಂತ ದೀರ್ಘವಾದುದು. ಸೇತುವೆಯ ಮೇಲೆ ಹೋಗುವವನಿಗೆ ನದಿ ಎರಡು ಮೂರು ನಿಮಿಷಗಳ ದೃಶ್ಯ. ಅಡಿಯಲ್ಲಿ ಹೋಗುವವನಿಗೆ ಸೇತುವೆಯ ಕಂಬಗಳು ನದಿಯ ಅಗಲವನ್ನು ಅಳೆದು ತೋರಿಸುವ ಕಡ್ಡಿಗಳು. ಒಂದೊಂದು ಕಂಬದ ಸುತ್ತಲೂ ಉಬ್ಬರದ ನೀರು ಸುಳಿಗಟ್ಟಿ, ಒಂದು ಅಂಗುಲ, ಎರಡು ಅಂಗುಲ, ಹೀಗೆ ನಾವು ನೋಡುತ್ತಿದ್ದಂತೆಯೇ ಒಣಗಿದ ಸಿಮೆಂಟನ್ನು ತೋಯಿಸುತ್ತ ಏರುತ್ತಿದ್ದಿತು.

ಸೇತುವೆಗಳನ್ನು ಹಿಂದಿಕ್ಕಿದ ಮೇಲೆ ನದಿ ಕವಲೊಡೆದು ಮಾವಿನಕುರ್ವೆಯನ್ನು ಬಳಸುವುದು. ಕುರ್ವೆಯೆಂದರೆ ನಡುಗಡ್ಡೆ, ತೆಂಗಿನ ತೋಟಗಳೂ ಗದ್ದೆಗಳೂ ಮನೆಗಳೂ ಇರುವ ಜೀವಂತ ಊರು ಇದು. ಅದರ ಅಂಚುಗಳಲ್ಲಿಯೂ, ಸುತ್ತಣ ಕೆಸರುದಿಬ್ಬಗಳ ಮೇಲೆಯೂ ಕಾಂಡ್ಲದ, ಎಂದರೆ ಮ್ಯಾಂಗ್ರೋವಿನ, ವನ. ತಾಂಡೇಲನ ಮಗ ಯಂತ್ರವನ್ನು ನಿಲ್ಲಿಸಿ ಗಳವನ್ನು ಹಿಡಿದನು. ಕಿರುಗಾಲುವೆಯೊಂದರೊಳಕ್ಕೆ ದೋಣಿ ನಿಶ್ಶಬ್ದವಾಗಿ ಜಾರಿತು. ಇಕ್ಕೆಲಗಳಲ್ಲಿಯೂ ಬೇರುಗಳು ಕಾಂಡದಿಂದ ಹೊರಟು, ಕಮಾನುಗಟ್ಟಿ, ನೀರಿನೊಳಕ್ಕೆ ಇಳಿದಿದ್ದವು. ಇನ್ನೊಂದು ಜಾತಿಯ ಗಿಡದ ಬೇರುಗಳು ಉಸಿರಾಟಕ್ಕಾಗಿ ಕೆಸರಿನಿಂದ ಮೇಲಕ್ಕೆ ಸಹಸ್ರಾರು ಕಡ್ಡಿಗಳಾಗಿ ಎದ್ದು ನಿಂತಿದ್ದವು. ಒಂದು ಕೊಂಬೆ ನನ್ನ ಮುಖದ ನೇರಕ್ಕೆ ಬಾಗಿತ್ತು. ಅದರಲ್ಲಿ ಕಾಯಿಯ ಬುಡದಿಂದ ಗೇಣುದ್ದದ ಹಸಿರು ಮೊಳಕೆಯೊಂದು ನುಗ್ಗೆಕಾಯಿಯಂತೆ ನೇತಾಡುತ್ತಿದ್ದಿತು. ಉಪ್ಪು ಕೆಸರಿನಲ್ಲಿ ಬೀಜವು ಬಿದ್ದು ಮೊಳೆಯುವುದು ದುಸ್ಸಾಧ್ಯವಾದುದರಿಂದ ಈ ತಾಯಿಮರ ಬೀಜವನ್ನು ಬಿಟ್ಟುಕೊಡದೆ, ತನ್ನ ಮೈಯಲ್ಲಿಯೇ ಮೊಳೆಯಿಸಿ, ಬೇರು ಬಿಡುವ ಸಾಮರ್ಥ್ಯ ಬಂದ ಮೇಲೆಯೇ ಕೆಳಕ್ಕೆ ಬಿಡುತ್ತದೆ. ಇಳಿತದ ಹೊತ್ತಿನಲ್ಲಿ ಬಿದ್ದ ಮೊಳಕೆ ಚೂಪು ತುದಿಯಿಂದ ಕೆಸರಿಗೆ ನಾಟಿಕೊಳ್ಳುವುದೂ ಉಂಟು. ಉಬ್ಬರದಲ್ಲಿ ಬಿದ್ದುದು ತೇಲುತ್ತ ಹೋಗಿ, ತಗ್ಗು ನೀರನ್ನು ಕಂಡಲ್ಲಿ ಬೇರೂರುವುದು. ನಾನು ಬೆರಳ ತುದಿಯಿಂದ ಮುಟ್ಟಿದೆನು. ತುದಿ ಕಂದುಬಣ್ಣಕ್ಕೆ ತಿರುಗಿ, ಮೈಯೆಲ್ಲ ಸಣ್ಣ ಸಣ್ಣ ಗುಳ್ಳೆಗಳಿಂದ ಒರಟಾಗಿ, ಒಳಗೆ ನೀರು ತುಂಬಿ ಭಾರವಾಗಿದ್ದಿತು. ಅದರ ಕೆಳಗೇ, ಬೇರಿನ ಸಂದಿಯಲ್ಲಿ, ಒಂದು ಕೊಂಡಿ ಮಾತ್ರ ದೊಡ್ಡದಾದ ಏಡಿ ನಮ್ಮ ನೆರಳು ಬಿದ್ದೊಡನೆ ಬಿಲವನ್ನು ಹೊಕ್ಕಿತು. ಮೀನಿನ ಮರಿಗಳೂ ಸೆಟ್ಲಿಯ, ಎಂದರೆ ಸೀಗಡಿಯ, ಮರಿಗಳೂ ದೊಡ್ಡ ಮೀನುಗಳ ಬಾಯಿಗೆ ಸಿಗದೆ ಬೆಳೆಯುವುದು ಈ ಬೇರುಗಳ ಮರೆಯಲ್ಲಿಯೇ. ಕಡಲಿನ ಮೀನುಗಾರಿಕೆಯ ಭಾಗ್ಯ ಇಲ್ಲಿಯ ಕೆಸರಿನಲ್ಲಿ ಸಿದ್ಧವಾಗುತ್ತದೆ.

ಆದರೆ ಈ ವನವೂ ಈ ಅಳಿವೆಯೂ ಹಿಂದಿನಂತಿಲ್ಲ; ಈ ಮಾತನ್ನು ಬೆಳ್ಳೂರಿನವನಾದ ನಾನು ಸ್ವಲ್ಪ ವಿವರವಾಗಿಯೇ ಹೇಳಬೇಕು. “ಅಪ್ಪನ ಕಾಲದಲ್ಲಿ ಬೇಸಿಗೆ ಬಂತಂದ್ರೆ ಉಪ್ಪುನೀರು ಮೇಲೆ ಹತ್ತತಿತ್ತು, ಬಳಚು ಬುಟ್ಟಿ ಬುಟ್ಟಿ ಸಿಗ್ತಿತ್ತು. ಈಗ ಬಳಚು ಬೇಕಂದ್ರೆ ಅಘನಾಶಿನಿಗೇ ಹೋಗ್ಬೇಕು” ಎಂದು ತಾಂಡೇಲನು ಯಾವ ದೂರಿನ ಧ್ವನಿಯೂ ಇಲ್ಲದೆ ಹೇಳಿದನು. ಬಳಚೆಂದರೆ ಅಳಿವೆಯ ಚಿಪ್ಪುಮೀನು. ತಾಂಡೇಲನ ಅನುಭವವನ್ನೇ ವಿಜ್ಞಾನಿಗಳೂ ಅಳೆದು ಹೇಳಿದ್ದಾರೆ. ಅಳಿವೆಯ ಜೀವರಾಶಿ ಉಪ್ಪು ಮತ್ತು ಸಿಹಿನೀರುಗಳ ಋತುಮಾನದ ಏರಿಳಿತಕ್ಕೆ ಒಗ್ಗಿಕೊಂಡು ಬಂದುದು. ಮಳೆಗಾಲದಲ್ಲಿ ಸಿಹಿನೀರು ಕಡಲನ್ನು ಹೊರಕ್ಕೆ ತಳ್ಳಬೇಕು, ಬೇಸಗೆಯಲ್ಲಿ ಹೊಳೆ ಸೊರಗಿ ಕಡಲು ಒಳಕ್ಕೆ ಬರಬೇಕು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದುನಿಂತ ಮೇಲೆ, ಮಳೆಗಾಲದ ನೀರನ್ನು ಮೇಲೆ ಹಿಡಿದಿಟ್ಟು, 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸುತ್ತ ವರ್ಷದ ಹನ್ನೆರಡು ತಿಂಗಳೂ ಬಿಡುವುದಾಯಿತು. ಅದೇ ನೀರನ್ನು ಕೆಳಗೆ ಗೇರುಸೊಪ್ಪೆಯಲ್ಲಿ ಮತ್ತೆ ತಡೆದು ಇನ್ನೂ 240 ಮೆಗಾವಾಟ್ ತೆಗೆಯುವ ಏರ್ಪಾಡೂ ಅನಂತರ ಬಂದಿತು. ಹೀಗೆ ವೈಶಾಖದ ಬಿಸಿಲಿನಲ್ಲಿಯೂ ಹೊಳೆಯಲ್ಲಿ ಸಿಹಿನೀರು ತುಂಬಿಬರುವುದರಿಂದ ಅಳಿವೆಯ ಉಪ್ಪು ಕಡಿಮೆಯಾಗಿ, ಉಪ್ಪನ್ನು ಬೇಡುವ ಚಿಪ್ಪಿನ ಪ್ರಾಣಿಗಳೂ ಮೀನುಗಳೂ ಕಾಂಡ್ಲದ ಕೆಲವು ಜಾತಿಗಳೂ ಹಿಂದೆಗೆದವು. ಬಡಗಣದ ನೆರೆಹೊಳೆಯಾದ ಅಘನಾಶಿನಿ ಅಣೆಕಟ್ಟಿಲ್ಲದೆ ಹರಿಯುತ್ತಿರುವುದರಿಂದಲೇ ಅಲ್ಲಿ ಬಳಚು ಉಳಿದಿದೆ, ಉಪ್ಪನ್ನು ಸಹಿಸುವ ಕಗ್ಗದ ಭತ್ತ ಗಜನಿಯ ಗದ್ದೆಗಳಲ್ಲಿ ಇನ್ನೂ ಕಾಣುತ್ತದೆ. 2024ರಲ್ಲಿ ಆ ಅಳಿವೆಗೆ, ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಯ ಗೌರವವೂ ದೊರಕಿತು.

ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯಿತೆಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ನನ್ನ ಬಾಲ್ಯದಲ್ಲಿ ಬೆಳ್ಳೂರಿನ ಪಡಸಾಲೆಯಲ್ಲಿ ಬೆಳಗಿದ ದೀಪಕ್ಕೂ, ನಮ್ಮ ತೋಟದ ಬಾವಿಯಿಂದ ನೀರೆತ್ತಿದ ಪಂಪಿಗೂ ಶಕ್ತಿ ಬಂದುದು ಬಹುಪಾಲು ಶರಾವತಿಯಿಂದ. ಆ ಕಾಲದಲ್ಲಿ ರಾಜ್ಯದ ವಿದ್ಯುತ್ತಿನ ದೊಡ್ಡ ಆಸರೆಯೇ ಆ ನದಿ. ಮುಳುಗಡೆಯಲ್ಲಿ ಮನೆಮಾರು ಕಳೆದುಕೊಂಡ ಮಲೆನಾಡಿನ ಸಾವಿರಾರು ಕುಟುಂಬಗಳ ಸಂಕಟವನ್ನು ನಾವು ಕೇಳಿ ತಿಳಿದಿದ್ದೆವು. ಆದರೆ ಅಣೆಕಟ್ಟಿನ ಕೆಳಗೆ, ಕಡಲಿನ ಬಾಯಲ್ಲಿ, ನೀರಿನ ರುಚಿಯೇ ಬದಲಾಗಿ ಒಬ್ಬ ಅಂಬಿಗನ ಬುಟ್ಟಿ ಹಗುರವಾಯಿತೆಂಬುದನ್ನು ನಮಗೆ ಯಾರೂ ಹೇಳಿರಲಿಲ್ಲ. ವಿದ್ಯುತ್ತು ಬೇಡವಾಗಿತ್ತೆಂದು ನಾನು ಹೇಳಲಾರೆ. ನಮ್ಮ ಬರದ ಸೀಮೆಗೆ ಅದು ಕೊಟ್ಟುದು ಅಪಾರ. ಈಗ ಇದೇ ಕಣಿವೆಯಲ್ಲಿ ನೀರನ್ನು ಕೆಳಗಿನಿಂದ ಮೇಲಕ್ಕೆತ್ತಿ ಮತ್ತೆ ಕೆಳಕ್ಕೆ ಬಿಡುವ 2,000 ಮೆಗಾವಾಟಿನ ಇನ್ನೊಂದು ಯೋಜನೆಯ ಪ್ರಸ್ತಾಪವಿದೆ. ಅದನ್ನು ತೂಗಿ ನೋಡುವವರು ತಕ್ಕಡಿಯ ಒಂದು ತಟ್ಟೆಯಲ್ಲಿ ಮೆಗಾವಾಟನ್ನಿಟ್ಟಾಗ ಇನ್ನೊಂದರಲ್ಲಿ ಕಾಡನ್ನಷ್ಟೇ ಅಲ್ಲದೆ ಅಳಿವೆಯ ಉಪ್ಪನ್ನೂ ಇಡಬೇಕೆಂದು ನಾನು ಕಳಕಳಿಯಿಂದ ಬೇಡುತ್ತೇನೆ.

ಹತ್ತು ಗಂಟೆಯ ಮೇಲೆ ನದಿ ಕಿರಿದಾಗುತ್ತ, ಗುಡ್ಡಗಳು ಹತ್ತಿರವಾಗುತ್ತ ಬಂದವು. ಅಡಕೆಯ ತೋಟಗಳು ನೀರಿನ ಅಂಚಿನವರೆಗೂ ಇಳಿದು, ಅವುಗಳ ಪ್ರತಿಬಿಂಬವನ್ನು ನಮ್ಮ ದೋಣಿ ಸೀಳಿಕೊಂಡು ಹೋಗುತ್ತಿದ್ದಿತು. ಅಲ್ಲಲ್ಲಿ ಪಾತಿದೋಣಿಯೊಂದರಲ್ಲಿ ಒಬ್ಬನೇ ನಿಂತು ಬೀಸುಬಲೆಯನ್ನು ಎಸೆಯುವವನು. ಅಲ್ಲಲ್ಲಿ ಬಟ್ಟೆ ಒಗೆಯುವ ಹೆಂಗಸರು. ದಡದ ಬಿದಿರಿನ ತುದಿಯಲ್ಲಿ ಮಿಂಚುಳ್ಳಿ. ಹೈಗುಂದದ ಬಳಿ ಮಾಸ್ತರು ಕೈಮುಗಿದರು. ಹವ್ಯಕರ ಪೂರ್ವಿಕರನ್ನು ಮಯೂರವರ್ಮನು ಕರೆತಂದು ನೆಲೆಗೊಳಿಸಿದ ಸ್ಥಾನವೆಂದು ಐತಿಹ್ಯವುಳ್ಳ ನೆಲ ಅದು. ನಾನು ಈ ಹಾದಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಿದ ವಿಷಯ ಬೇರೆ. ಹಳೆಯ ಮನೆಗಳೆಲ್ಲ ನದಿಗೆ ಮುಖಮಾಡಿವೆ: ಜಗಲಿ, ತುಳಸೀಕಟ್ಟೆ, ಚಿರೆಕಲ್ಲಿನ ಮೆಟ್ಟಿಲು, ಮೆಟ್ಟಿಲಿನ ಕೊನೆಗೆ ದೋಣಿಯನ್ನು ಕಟ್ಟುವ ಗೂಟ. ಹೊಸ ಮನೆಗಳೆಲ್ಲ ರಸ್ತೆಗೆ ಮುಖಮಾಡಿ ನದಿಗೆ ಹಿತ್ತಿಲನ್ನು ತೋರಿಸುತ್ತವೆ. ಮೆಟ್ಟಿಲುಗಳ ಮೇಲೆ ಹುಲ್ಲು ಬೆಳೆದು, ಹಿತ್ತಿಲಿನ ಕಸ ನೀರಿಗೆ ಜಾರುತ್ತಿದೆ. ಒಂದು ಊರು ತನ್ನ ಮುಖವನ್ನು ಯಾವ ಕಡೆಗೆ ತಿರುಗಿಸುತ್ತದೆಯೋ ಆ ಕಡೆಯನ್ನು ಶುಚಿಯಾಗಿ ಇಟ್ಟುಕೊಳ್ಳುತ್ತದೆ. ನಮ್ಮ ಕಡೆಯ ಕೆರೆಗಳಿಗೂ ಕೊಳವೆಬಾವಿಗಳು ಬಂದ ಮೇಲೆ ಆದುದು ಇದೇ.

ಇದೇ ದಾರಿಯಲ್ಲಿ 1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲೆ ದೋಣಿಯಲ್ಲಿ ಹೋಗಿದ್ದನು. ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ತಂಡದೊಡನೆ ಹೊನ್ನಾವರದಿಂದ ಗೇರುಸೊಪ್ಪೆಗೆ ನದಿಯ ಮೇಲೆ ಸಾಗಿದ ಆತ, ತನ್ನ ಜೀವಮಾನದಲ್ಲಿ ಕಂಡ ನದಿಗಳಲ್ಲಿ ಅತ್ಯಂತ ಸುಂದರವಾದವುಗಳ ಪೈಕಿ ಇದೂ ಒಂದೆಂದು ಬರೆದನು. ತುರ್ಕಿ, ಈಜಿಪ್ಟ್, ಪರ್ಷಿಯ ದೇಶಗಳನ್ನೆಲ್ಲ ಸುತ್ತಿ ಬಂದವನ ಮಾತಾದುದರಿಂದ ಅದಕ್ಕೆ ತೂಕವಿದೆ. ನಾಲ್ಕು ಶತಮಾನಗಳ ಬಳಿಕ ಅದೇ ತಿರುವುಗಳಲ್ಲಿ ಹೋಗುತ್ತ, ಒಂದು ಗುಡ್ಡ ನದಿಗೆ ಅಡ್ಡನಿಂತಂತೆ ತೋರಿ ದಾರಿ ಮುಗಿಯಿತೆನ್ನುವಷ್ಟರಲ್ಲಿ ಪಕ್ಕಕ್ಕೆ ಸರಿದು ಹೊಸ ನೀರನ್ನು ತೆರೆದು ತೋರಿಸುವ ಆ ಪರಿಯನ್ನು ಮತ್ತೆ ಮತ್ತೆ ಕಾಣುತ್ತ, ಆತನ ಮಾತಿಗೆ ಸಹಿ ಹಾಕುವ ಯೋಗ ನನಗೂ ಒದಗಿತು. ಘಟ್ಟದ ರಸ್ತೆಯಲ್ಲಿ ಬಸ್ಸಿನಲ್ಲಿ ಇಳಿದು ಬಂದಾಗ ಇದೇ ನದಿ ಮರಗಳ ಸಂದಿನಲ್ಲಿ ಅಲ್ಲೊಮ್ಮೆ ಇಲ್ಲೊಮ್ಮೆ ಹೊಳೆದಿತ್ತಷ್ಟೆ.

ಮಧ್ಯಾಹ್ನದ ಹೊತ್ತಿಗೆ ಗೇರುಸೊಪ್ಪೆಯ ಬಳಿ ದೋಣಿಯನ್ನು ಕಟ್ಟಿದೆವು. ಅಲ್ಲಿಗೆ ಬರುವಷ್ಟರಲ್ಲಿ ಉಬ್ಬರದ ಬಲ ಕುಗ್ಗಿ, ವಿದ್ಯುದಾಗಾರದಿಂದ ಬಿಟ್ಟ ನೀರಿನ ತಂಪು ಕೈಗೆ ತಾಗುತ್ತಿದ್ದಿತು. ತಾಂಡೇಲನ ಮನೆಯಿಂದ ಬಂದ ಕುಚ್ಚಲಕ್ಕಿಯ ಅನ್ನವನ್ನೂ, ಮಾಸ್ತರ ಮನೆಯಿಂದ ಬಂದ ತಂಬುಳಿಯನ್ನೂ, ನಾನು ಊರಿನಿಂದ ತಂದಿದ್ದ ಹುರುಳಿಚಟ್ನಿಯನ್ನೂ ಒಂದೇ ಬಾಳೆಯೆಲೆಯ ಸಾಲಿನಲ್ಲಿ ಬಡಿಸಿಕೊಂಡು ಉಂಡೆವು.

ಊಟವಾದ ಮೇಲೆ ನಗರಬಸ್ತಿಕೇರಿಗೆ ನಡೆದೆವು. ಈಗ ಮರಗಳ ನೆರಳಿನಲ್ಲಿ ಒಂಟಿಯಾಗಿ ನಿಂತಿರುವ ಚತುರ್ಮುಖ ಬಸದಿ ಒಂದು ಕಾಲದ ರಾಜಧಾನಿಯ ಉಳಿದ ಸಾಕ್ಷಿ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಘಟ್ಟದ ಮೆಣಸು ಈ ನದಿಯ ಮೇಲೆಯೇ ಇಳಿದು, ಹೊನ್ನಾವರ ಭಟ್ಕಳಗಳ ಬಂದರುಗಳಿಂದ ದೂರದ ದೇಶಗಳಿಗೆ ಹೋಗುತ್ತಿತ್ತು. ಹದಿನೇಳನೆಯ ಶತಮಾನದ ಆರಂಭದಲ್ಲಿ ಆ ರಾಜ್ಯ ಕೆಳದಿಯವರ ಪಾಲಾಯಿತು. ದೆಲ್ಲಾ ವಾಲೆ ಬಂದಾಗಲೇ ಅರಮನೆಯೂ ನಗರವೂ ಹಾಳುಬಿದ್ದು ಮರಗಿಡಗಳಿಂದ ಮುಚ್ಚಿಹೋಗಿದ್ದವು. ನಮ್ಮ ಬೆಳ್ಳೂರಿನ ಮಾಧವರಾಯನ ಗುಡಿಯಲ್ಲಿ ಕಾಣುವ ಹೊಯ್ಸಳರ ಕುಸುರಿ ಇಲ್ಲಿಲ್ಲ. ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕು ಬಾಗಿಲಿಗೂ ಮುಖಮಾಡಿದ ತೀರ್ಥಂಕರ ಬಿಂಬಗಳು, ಅವುಗಳ ನಡುವೆ ಹಾದುಬರುವ ಕಾಡಿನ ಗಾಳಿ. ಯಾವ ದಿಕ್ಕಿನಿಂದ ಬಂದವನನ್ನೂ ಎದುರುಗೊಳ್ಳುವಂತೆ ಕಟ್ಟಿದ ಈ ಗುಡಿ, ಕಡಲಿನಿಂದಲೂ ಘಟ್ಟದಿಂದಲೂ ಜನ ಬಂದು ಕೂಡುತ್ತಿದ್ದ ವ್ಯಾಪಾರದ ನಗರಿಗೆ ಎಷ್ಟು ಅನುರೂಪವಾಗಿದ್ದಿತೆಂದು ನಾನು ಬಹಳ ಹೊತ್ತು ಯೋಚಿಸುತ್ತ ನಿಂತಿದ್ದೆನು.

ಹಿಂದಿರುಗುವಾಗ ಇಳಿತ ನಮ್ಮನ್ನು ಹೊತ್ತುಕೊಂಡಿತು. ಉಬ್ಬರದಲ್ಲಿ ಮುಳುಗಿದ್ದ ಕೆಸರುದಿಬ್ಬಗಳು ಒಂದೊಂದಾಗಿ ತಲೆಯೆತ್ತಿ, ಬೆಳ್ಳಕ್ಕಿಗಳು ಅವುಗಳ ಮೇಲೆ ಇಳಿದವು. ದಾರಿಯುದ್ದಕ್ಕೂ ನಾನು ಮಾಸ್ತರೊಡನೆ ಒಂದೇ ವಿಷಯವನ್ನು ಚರ್ಚಿಸಿದೆನು: ಹೊನ್ನಾವರದಿಂದ ಗೇರುಸೊಪ್ಪೆಗೆ ಜನಸಾಮಾನ್ಯರು ಟಿಕೆಟ್ಟು ಕೊಂಡು ಹೋಗಬಲ್ಲ ಲಾಂಚೊಂದು ನಿತ್ಯವೂ ಏಕೆ ಓಡಬಾರದು? ಹಣ ತೆತ್ತು ಇಡೀ ದೋಣಿಯನ್ನು ಗೊತ್ತುಮಾಡಿಕೊಳ್ಳುವ ಸೌಕರ್ಯ ನನಗಿತ್ತು. ಶಾಲೆಯ ಮಕ್ಕಳಿಗೆ ಅದಿಲ್ಲ. ಕಾಂಡ್ಲದ ನಡುವೆ ಅರ್ಧ ಗಂಟೆ ಸುತ್ತಿಸಿ ತರುವ ದೋಣಿಗಳು ಹೊನ್ನಾವರದಲ್ಲಿ ಈಗಲೂ ಬೇಕಾದಷ್ಟಿವೆ; ಅವುಗಳಿಂದ ಹಲವು ಮನೆಗಳ ಒಲೆ ಉರಿಯುತ್ತದೆ, ಸಂತೋಷವೇ. ಆದರೆ ನದಿಯನ್ನು ದಾರಿಯಾಗಿ ಬಳಸುವುದು ಬೇರೆ. ಲಾಂಚು ಬಂದರೆ ದಡದ ಊರುಗಳ ಮೆಟ್ಟಿಲುಗಳು ಮತ್ತೆ ಸವೆಯತೊಡಗುವುವು, ಹಿತ್ತಿಲುಗಳು ಮತ್ತೆ ಅಂಗಳಗಳಾಗುವುವು. ಹೊಸದಾಗಿ ಕಟ್ಟಬೇಕಾದುದು ಹೆಚ್ಚೇನೂ ಇಲ್ಲ; ಹಳೆಯ ಧಕ್ಕೆಗಳನ್ನು ದುರಸ್ತಿ ಮಾಡಿ, ನೀರು ಬಿಡುವ ಹೊತ್ತನ್ನು ಅಣೆಕಟ್ಟಿನವರು ಮುಂಚಿತವಾಗಿ ತಿಳಿಸುವ ವ್ಯವಸ್ಥೆ ಮಾಡಿದರೆ ಸಾಕು.

“ಮರಳುದಿಣ್ಣೆ ಅದೆ ಮಾಸ್ತರೇ, ದೊಡ್ಡ ಲಾಂಚು ಇಳಿತದಲ್ಲಿ ತಾಗ್ತದೆ” ಎಂದು ತಾಂಡೇಲನು ಎಚ್ಚರಿಸಿದನು. “ಹಾಗಾದರೆ ಭರತಿ ನೋಡಿಯೇ ಹೊರಡಿಸುವ” ಎಂದು ಮಾಸ್ತರು ಜೇಬಿನಿಂದ ಕಾಗದ ತೆಗೆದು, ಸೇತುವೆಯ ಕಂಬಗಳು ಮತ್ತೆ ಕಣ್ಣಿಗೆ ಬೀಳುವಷ್ಟರಲ್ಲಿ, ವೇಳಾಪಟ್ಟಿಯ ಮೊದಲ ಸಾಲುಗಳನ್ನು ಬರೆದೇಬಿಟ್ಟರು: ಬಿದಿಗೆಯಂದು ಹೊನ್ನಾವರದಿಂದ ಬೆಳಗಿನ ಏಳಕ್ಕೆ, ತದಿಗೆಯಂದು ಏಳು ಐವತ್ತಕ್ಕೆ, ಚೌತಿಯಂದು ಎಂಟು ನಲವತ್ತಕ್ಕೆ, ಪಂಚಮಿಯಂದು ಒಂಬತ್ತೂವರೆಗೆ. ಅಷ್ಟಮಿಯ ವೇಳೆಗೆ ಉಬ್ಬರ ಮಧ್ಯಾಹ್ನಕ್ಕೆ ಸರಿಯುವುದರಿಂದ ಅಂದು ಹೋದವರು ಅಂದೇ ಹಿಂದಿರುಗುವಂತಿಲ್ಲ. ಅವರು ರಾತ್ರಿ ಗೇರುಸೊಪ್ಪೆಯಲ್ಲಿ ತಂಗಿ, ಮರುದಿನ ಬೆಳಗ್ಗೆ ಬಸದಿಯನ್ನು ಸಾವಕಾಶವಾಗಿ ನೋಡಿಕೊಂಡು ಬರಬೇಕೆಂದು ಅಂಚಿನಲ್ಲಿ ಸೂಚನೆಯನ್ನೂ ಸೇರಿಸಿದರು.